ಇಡೀ ರಾತ್ರಿಯ ಆಟಕ್ಕೆ ಒಂದೇ ಲಿಂಕ್: ಯಕ್ಷಗಾನದ ವಿಡಿಯೊ ಹಂಚುವ, ಎಂಬೆಡ್ ಮಾಡುವ ಕ್ರಮ

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದವೆಂದರೆ, ದೀಪಾವಳಿ ಕಳೆದು ತಿರುಗಾಟ ಮತ್ತೆ ಶುರುವಾಗುವ ತನಕ ಉಡುಪಿ, ಮಂಗಳೂರು ಕಡೆಯ ಬಹಳಷ್ಟು ಮಂದಿ ಆಟ ನೋಡುವುದು ಮೊಬೈಲಿನಲ್ಲೇ. ಮಳೆಗಾಲದಲ್ಲಿ ಕೆಲವೇ ಕಲಾವಿದರ ಚಿಕ್ಕಮೇಳ ಮನೆಬಾಗಿಲಿಗೆ ಬರುತ್ತದೆ, ಅಲ್ಲಲ್ಲಿ ವೇಷವಿಲ್ಲದ ತಾಳಮದ್ದಳೆ ಇರುತ್ತದೆ. ಉಳಿದ ರಾತ್ರಿಗಳಿಗೆ ಯೂಟ್ಯೂಬ್. ವಾಟ್ಸಾಪ್ ಗುಂಪುಗಳಿಗೆ ದಿನವೂ ತುಂಡುಗಳು ಬಂದು ಬೀಳುತ್ತಿರುತ್ತವೆ. ಮಹಿಷಾಸುರನ ಪ್ರವೇಶದ ಎರಡು ನಿಮಿಷ, ಒಂದು ಬಿರುಸಿನ ಏರುಪದ, ಯುವವೀರನ ಪುಂಡುವೇಷದ ಧಿಗಿಣವೆಂಬ ಸುತ್ತು ಜಿಗಿತ. ಪದ, ಅಂದರೆ ಹಾಡು, ಹೇಳಿದ ಭಾಗವತರು ಯಾರು, ಚೆಂಡೆ ಯಾರದ್ದು, ಯಾವ ಮೇಳ, ಯಾವ ಊರಿನ ಹರಕೆ ಆಟ, ರಾತ್ರಿಯಿಡೀ ಕ್ಯಾಮೆರಾ ಹಿಡಿದು ನಿಂತವರು ಯಾರು ಎಂಬುದರ ಸುಳಿವೇ ಅದರಲ್ಲಿ ಇರುವುದಿಲ್ಲ.

ವಿಡಿಯೊವನ್ನು ಕತ್ತರಿಸಿ ಮತ್ತೆ ಅಪ್‌ಲೋಡ್ ಮಾಡುವ ಅಗತ್ಯ ಯಾವತ್ತೂ ಇಲ್ಲ. ಒಂಬತ್ತು ಗಂಟೆಯ ಆಟದಲ್ಲಿ ನಿಮಗೆ ಬೇಕಾದ ಆ ಒಂದು ಪದಕ್ಕೇ ನೋಡುವವರನ್ನು ನೇರವಾಗಿ ಕರೆದೊಯ್ಯುವ ಲಿಂಕ್ ಮಾಡಬಹುದು. ದೇವಸ್ಥಾನದ ಅಥವಾ ಯಕ್ಷಗಾನ ಸಂಘದ ವೆಬ್‌ಸೈಟಿನಲ್ಲಿ ಅದೇ ವಿಡಿಯೊವನ್ನು ಕೂರಿಸಬಹುದು, ಅಂದರೆ ಎಂಬೆಡ್ ಮಾಡಬಹುದು. ಹಾಗೆ ಮಾಡಿದರೆ ಕಲಾವಿದರ ಹೆಸರು ವಿವರಣೆಯಲ್ಲಿ ಹಾಗೇ ಉಳಿಯುತ್ತದೆ, ನೋಡಿದವರ ಲೆಕ್ಕ ಮೂಲ ಚಾನೆಲಿಗೇ ಸೇರುತ್ತದೆ, ನಾಳೆ ಚಾನೆಲಿನವರು ಹೆಸರು ತಿದ್ದಿದರೆ ಆ ತಿದ್ದುಪಡಿ ಎಲ್ಲ ಕಡೆಯೂ ಕಾಣಿಸುತ್ತದೆ. ಕತ್ತರಿಸಿದ ತುಂಡಿಗೆ ಇದರಲ್ಲಿ ಒಂದೂ ಸಿಗುವುದಿಲ್ಲ.

ಕೆಳಗೆ ಲಿಂಕಿನ ಭಾಗಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹಾಕಬೇಕು, ನಡುವೆ ಜಾಗ ಬಿಡಬಾರದು.

ಲಿಂಕಿನ ಒಳಗೆ ಏನಿದೆ

ಯೂಟ್ಯೂಬಿನ ಪ್ರತಿ ವಿಡಿಯೊಗೂ 11 ಅಕ್ಷರಗಳ ಒಂದು ಗುರುತು ಇರುತ್ತದೆ. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ ಎಲ್ಲವೂ ಅದರಲ್ಲಿ ಬರಬಹುದು. ಲಿಂಕ್ ಉದ್ದವಿರಲಿ, ‘ಯುಟು ಡಾಟ್ ಬಿಇ’ ಎಂಬ ಗಿಡ್ಡ ರೂಪದಲ್ಲಿರಲಿ, ‘ಶಾರ್ಟ್ಸ್’ ಅಥವಾ ‘ಲೈವ್’ ಎಂದು ನಡುವೆ ಇರಲಿ, ಕೆಲಸ ಮಾಡುವುದು ಆ 11 ಅಕ್ಷರಗಳೇ. ದೊಡ್ಡ ಅಕ್ಷರವನ್ನು ಸಣ್ಣದಾಗಿ ಬರೆದರೆ ಅದು ಬೇರೆಯೇ ಗುರುತಾಗುತ್ತದೆ, ಹೆಚ್ಚಾಗಿ ‘ವಿಡಿಯೊ ಲಭ್ಯವಿಲ್ಲ’ ಎಂದು ಬರುತ್ತದೆ. ಹಾಗಾಗಿ ಆಮಂತ್ರಣ ಪತ್ರಿಕೆಯಲ್ಲಿ, ಕರಪತ್ರದಲ್ಲಿ ಲಿಂಕನ್ನು ಅಕ್ಷರದಲ್ಲಿ ಅಚ್ಚು ಹಾಕಿಸುವುದರಿಂದ ಪ್ರಯೋಜನ ಕಡಿಮೆ. ಇಂಗ್ಲಿಷಿನ ದೊಡ್ಡ ‘ಐ’ ಮತ್ತು ಸಣ್ಣ ‘ಎಲ್’ ಅಚ್ಚಿನಲ್ಲಿ ಒಂದೇ ಥರ ಕಾಣುತ್ತವೆ, ಸೊನ್ನೆ ಮತ್ತು ‘ಓ’ ಕೂಡ ಹಾಗೆಯೇ. ಪತ್ರಿಕೆಗೆ ಕ್ಯೂಆರ್ ಕೋಡ್ ಹಾಕಿಸಿ.

ಮೊಬೈಲಿನಿಂದ ಶೇರ್ ಒತ್ತಿ ಕಾಪಿ ಮಾಡಿದ ಲಿಂಕಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ‘ಎಸ್‌ಐ=’ ಎಂದು ಶುರುವಾಗುವ ಬಾಲವೊಂದು ಬರುತ್ತದೆ. ಯಾರು ಹಂಚಿದ ಲಿಂಕಿನಿಂದ ಯಾರು ಬಂದರು ಎಂದು ಯೂಟ್ಯೂಬಿಗೆ ತಿಳಿಯಲೆಂದು ಇರುವ ಗುರುತು ಅದು. ಪ್ರಶ್ನಾರ್ಥಕ ಚಿಹ್ನೆಯಿಂದ ಕೊನೆಯ ತನಕ ಅಳಿಸಿ ಹಾಕಿದರೂ ವಿಡಿಯೊ ಸರಿಯಾಗಿಯೇ ತೆರೆಯುತ್ತದೆ. ಅಳಿಸುವುದೇ ಒಳ್ಳೆಯದು. ಅದಕ್ಕೆ ಮುಂದಿನ ಭಾಗದಲ್ಲಿ ಇನ್ನೊಂದು ಕಾರಣವೂ ಸಿಗುತ್ತದೆ.

ಬೇಕಾದ ಪದಕ್ಕೇ ಕರೆದೊಯ್ಯುವ ಲಿಂಕ್

ಕಂಪ್ಯೂಟರಿನಲ್ಲಿ ಇದು ಬಹಳ ಸುಲಭ. ಪದ ಶುರುವಾಗುವುದಕ್ಕೆ ಐದಾರು ಸೆಕೆಂಡ್ ಮೊದಲು ವಿಡಿಯೊ ನಿಲ್ಲಿಸಿ, ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಈಗಿನ ಸಮಯಕ್ಕೆ ವಿಡಿಯೊ ಯುಆರ್‌ಎಲ್ ಕಾಪಿ ಮಾಡು’ ಎಂಬರ್ಥದ ಸಾಲನ್ನು ಆರಿಸಿ. ಶೇರ್ ಒತ್ತಿದಾಗ ಬರುವ ಪೆಟ್ಟಿಗೆಯಲ್ಲಿ ‘ಸ್ಟಾರ್ಟ್ ಅಟ್’ ಎಂಬ ಚೌಕಕ್ಕೆ ಟಿಕ್ ಹಾಕಿದರೂ ಅದೇ ಆಗುತ್ತದೆ. ಆ ಐದಾರು ಸೆಕೆಂಡ್ ಬಿಡುವುದು ಮುಖ್ಯ. ಭಾಗವತರು ಆಲಾಪನೆ ಎತ್ತುವ ಜಾಗದಿಂದ ಕೇಳಿದರೆ ಮಾತ್ರ ಪದ ಪದವಾಗಿ ಕೇಳುತ್ತದೆ. ಚೆಂಡೆಯ ಏರಿನ ನಡುವೆ ಧುತ್ತನೆ ತೆರೆದುಕೊಂಡರೆ ಕೇಳುಗನಿಗೆ ತಾಳ ಹಿಡಿಯುವುದಕ್ಕೇ ಅರ್ಧ ಪದ ಹೋಗಿರುತ್ತದೆ.

ಮೊಬೈಲಿನಲ್ಲಿ ಕೈಯಾರೆ ಮಾಡಬಹುದು. ಗಿಡ್ಡ ಲಿಂಕಿನ ಕೊನೆಗೆ ‘?ಟಿ=’ ಹಾಕಿ ಸೆಕೆಂಡುಗಳನ್ನು ಬರೆಯಿರಿ. 3 ಗಂಟೆ 42 ನಿಮಿಷ 15 ಸೆಕೆಂಡಿಗೆ ಹೋಗಬೇಕಾದರೆ ಗಂಟೆಯನ್ನು 3600ರಿಂದ, ನಿಮಿಷವನ್ನು 60ರಿಂದ ಗುಣಿಸಿ ಕೂಡಿಸಿ: 10800, 2520, 15, ಒಟ್ಟು 13335. ಅಂದರೆ ‘?ಟಿ=13335’. ಲೆಕ್ಕ ಬೇಡವೆಂದರೆ ‘?ಟಿ=3ಎಚ್42ಎಂ15ಎಸ್’ ಎಂಬ ರೂಪವೂ ನಡೆಯುತ್ತದೆ.

ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಒಂದು ಲಿಂಕಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಒಮ್ಮೆ ಮಾತ್ರ ಬರಬೇಕು. ಮೊದಲೇ ‘?ಎಸ್‌ಐ=’ ಎಂಬ ಬಾಲ ಇದ್ದು, ಅದರ ಹಿಂದೆ ನೀವು ಇನ್ನೊಂದು ‘?ಟಿ=’ ಸೇರಿಸಿದರೆ, ಆ ಸಮಯವೂ ಬಾಲದ ಭಾಗವೆಂದೇ ಲೆಕ್ಕವಾಗಿ ವಿಡಿಯೊ ಮೊದಲಿನಿಂದ, ಅಂದರೆ ಬಣ್ಣ ಹಚ್ಚುವ ಚೌಕಿಯ ಪೂಜೆಯಿಂದ ಶುರುವಾಗುತ್ತದೆ. ಒಂದೋ ಬಾಲವನ್ನು ಅಳಿಸಿ, ಇಲ್ಲವೇ ಎರಡನೆಯದಕ್ಕೆ ‘&ಟಿ=’ ಹಾಕಿ. ಕಂಪ್ಯೂಟರಿನ ಉದ್ದ ಲಿಂಕಿನಲ್ಲಿ ‘ವಾಚ್?ವಿ=’ ಎಂದು ಮೊದಲೇ ಒಂದು ಪ್ರಶ್ನಾರ್ಥಕ ಚಿಹ್ನೆ ಇರುವುದರಿಂದ ಅಲ್ಲಿ ಯಾವಾಗಲೂ ‘&ಟಿ=’.

ವಾಟ್ಸಾಪಿಗೆ ಹಾಕುವಾಗ ಲಿಂಕ್ ಅಂಟಿಸಿದ ಕೂಡಲೇ ಕಳಿಸುವ ಗುಂಡಿ ಒತ್ತಬೇಡಿ. ಚಿತ್ರ ಮತ್ತು ಶೀರ್ಷಿಕೆ ಇರುವ ಕಾರ್ಡ್ ತಯಾರಾಗುವುದು ಕಳಿಸುವವರ ಮೊಬೈಲಿನಲ್ಲಿ. ಅದು ಮೂಡುವ ಮೊದಲೇ ಕಳಿಸಿದರೆ ಎದುರಿನವರಿಗೆ ಬರೀ ನೀಲಿ ಅಕ್ಷರ ಕಾಣುತ್ತದೆ, ಅಂಥದ್ದನ್ನು ಹಿರಿಯರು ಮುಟ್ಟುವುದಕ್ಕೇ ಹೆದರುತ್ತಾರೆ. ಕಾರ್ಡ್ ಬಂದ ಮೇಲೆ ಲಿಂಕಿನ ಕೆಳಗೆ ಒಂದು ಸಾಲು ಬರೆಯಿರಿ: ಪ್ರಸಂಗ, ಮೇಳ, ಭಾಗವತರು, ಪಾತ್ರಧಾರಿ, ಊರು, ದಿನಾಂಕ. ವಿಡಿಯೊ ಯಾವತ್ತಾದರೂ ಅಳಿದುಹೋದರೆ ಇನ್ನೊಂದು ಚಾನೆಲಿನಲ್ಲಿ ಹುಡುಕುವುದಕ್ಕೆ ಆ ಸಾಲೇ ಆಧಾರ.

ಅಧ್ಯಾಯಗಳು

ಚಾನೆಲ್ ನಿಮ್ಮದೇ ಆಗಿದ್ದರೆ ಇದಕ್ಕಿಂತ ಒಳ್ಳೆಯ ಕೆಲಸವೊಂದಿದೆ. ವಿಡಿಯೊದ ವಿವರಣೆಯಲ್ಲಿ ಸಮಯಗಳ ಪಟ್ಟಿ ಹಾಕಿದರೆ ಯೂಟ್ಯೂಬ್ ಅದನ್ನು ಅಧ್ಯಾಯಗಳಾಗಿ ವಿಂಗಡಿಸುತ್ತದೆ, ಕೆಳಗಿನ ಕೆಂಪು ಪಟ್ಟಿ ತುಂಡು ತುಂಡಾಗಿ ಕಾಣುತ್ತದೆ, ಬೆರಳಿಟ್ಟಲ್ಲಿ ಹೆಸರು ತೋರುತ್ತದೆ. ಹೀಗೆ:

0:00 ಚೌಕಿ ಪೂಜೆ
0:21:40 ಪೂರ್ವರಂಗ
1:34:05 ಪ್ರಸಂಗಾರಂಭ, ದೇವೇಂದ್ರನ ಒಡ್ಡೋಲಗ
3:42:15 ಬಣ್ಣದ ವೇಷದ ಪ್ರವೇಶ
8:51:30 ಮಂಗಳ

ನಿಯಮ ಇಷ್ಟೇ. ಮೊದಲ ಸಾಲು 0:00 ಆಗಿರಲೇಬೇಕು, ಕಡಿಮೆಯೆಂದರೆ ಮೂರು ಸಾಲು ಬೇಕು, ಸಮಯಗಳು ಏರಿಕೆಯ ಕ್ರಮದಲ್ಲಿರಬೇಕು, ಪ್ರತಿ ಅಧ್ಯಾಯ 10 ಸೆಕೆಂಡಿಗೆ ಕಡಿಮೆ ಇರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಇಡೀ ಪಟ್ಟಿ ಅಧ್ಯಾಯವಾಗುವುದಿಲ್ಲ. ಸಮಯದ ಮೇಲೆ ಒತ್ತಿದರೆ ಅಲ್ಲಿಗೆ ಹೋಗುತ್ತದೆ, ಕೆಂಪು ಪಟ್ಟಿ ಮಾತ್ರ ಒಂದೇ ಆಗಿ ಉಳಿಯುತ್ತದೆ. ‘ಪಟ್ಟಿ ಹಾಕಿದೆ, ಬರಲಿಲ್ಲ’ ಎನ್ನುವವರ ವಿಡಿಯೊ ತೆರೆದು ನೋಡಿದರೆ ಹೆಚ್ಚಾಗಿ ಮೊದಲ ಸಾಲು 0:05 ಎಂದೋ 0:00ರ ಸಾಲೇ ಇಲ್ಲದೆಯೋ ಇರುತ್ತದೆ. ಬೇರೆಯವರ ವಿಡಿಯೊಗೆ ಕಾಮೆಂಟಿನಲ್ಲಿ ಸಮಯ ಬರೆದರೆ ಅದು ಒತ್ತುವ ಲಿಂಕ್ ಆಗುತ್ತದೆ, ಅಧ್ಯಾಯ ಆಗುವುದಿಲ್ಲ. ಚಾನೆಲಿನವರು ಅದನ್ನು ಎತ್ತಿ ವಿವರಣೆಗೆ ಹಾಕಿಕೊಳ್ಳಬಹುದಲ್ಲ, ಹಾಗಾಗಿ ಬರೆದದ್ದು ದಂಡವಲ್ಲ.

ಪಟ್ಟಿಯಲ್ಲಿ ಬರೀ ದೃಶ್ಯದ ಹೆಸರು ಹಾಕಿ ಬಿಡಬೇಡಿ. ರಾತ್ರಿಯ ಆಟದಲ್ಲಿ ಭಾಗವತರು ಬದಲಾಗುತ್ತಾರೆ, ಮದ್ದಳೆ, ಚೆಂಡೆಯವರೂ ಬದಲಾಗುತ್ತಾರೆ. ಯಾವ ಸಮಯಕ್ಕೆ ಯಾರು ಪದ ಹಿಡಿದರು ಎಂದು ಬರೆದರೆ ಹತ್ತು ವರ್ಷ ಬಿಟ್ಟು ಆ ವಿಡಿಯೊ ಒಂದು ದಾಖಲೆಯಾಗಿ ನಿಲ್ಲುತ್ತದೆ. ಕಾನೂನೂ ಇದರ ಪರವಾಗಿಯೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆ ನಟ, ಗಾಯಕ, ವಾದಕ, ನರ್ತಕರಿಗೆ ಪ್ರದರ್ಶಕರ ಹಕ್ಕನ್ನು 50 ವರ್ಷಗಳ ಕಾಲ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ, ತನ್ನ ಪ್ರದರ್ಶನಕ್ಕೆ ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕು, ಅದನ್ನು ತಿರುಚಿ ಹೆಸರಿಗೆ ಕುಂದು ತಂದರೆ ತಡೆಯುವ ಹಕ್ಕು ಎರಡೂ ಸೇರಿದವು. ಭಾಗವತರು, ಹಿಮ್ಮೇಳದವರು, ವೇಷಧಾರಿಗಳು ಎಲ್ಲರೂ ಪ್ರದರ್ಶಕರೇ.

ವೆಬ್‌ಸೈಟಿನಲ್ಲಿ ಕೂರಿಸುವುದು

ಎಂಬೆಡ್ ಎಂದರೆ ವಿಡಿಯೊ ಯೂಟ್ಯೂಬಿನಲ್ಲೇ ಇದ್ದು, ನಿಮ್ಮ ಪುಟದಲ್ಲಿ ಅದರ ಒಂದು ಕಿಟಕಿ ತೆರೆಯುವುದು. ಕಂಪ್ಯೂಟರಿನ ಬ್ರೌಸರಿನಲ್ಲಿ ವಿಡಿಯೊ ತೆರೆದು ಶೇರ್, ಆಮೇಲೆ ಎಂಬೆಡ್ ಒತ್ತಿದರೆ ‘ಐಫ್ರೇಮ್’ ಎಂದು ಶುರುವಾಗುವ ಕೋಡ್ ಸಿಗುತ್ತದೆ. ಮೊಬೈಲಿನ ಯೂಟ್ಯೂಬ್ ಆ್ಯಪಿನಲ್ಲಿ ಈ ಆಯ್ಕೆ ಹುಡುಕಿ ಫಲವಿಲ್ಲ.

ವರ್ಡ್‌ಪ್ರೆಸ್ ಬಳಸಿ ಮಾಡಿದ ಸೈಟ್ ಆದರೆ ಕೋಡ್ ಕೂಡ ಬೇಡ. ವಿಡಿಯೊದ ಮಾಮೂಲಿ ಲಿಂಕನ್ನು ಪ್ರತ್ಯೇಕ ಸಾಲಿನಲ್ಲಿ ಅಂಟಿಸಿದರೆ ಸಾಕು, ವಿಡಿಯೊ ತಾನಾಗಿ ಮೂಡುತ್ತದೆ. ಅದೇ ಸಾಲಿನಲ್ಲಿ ಬೇರೆ ಅಕ್ಷರ ಇದ್ದರೆ, ಅಥವಾ ಲಿಂಕ್ ನೀಲಿಯಾಗಿ ಅಡಿಗೆರೆ ಪಡೆದಿದ್ದರೆ ಮೂಡುವುದಿಲ್ಲ. ಬೇಕಾದ ಸಮಯದಿಂದಲೇ ಶುರುವಾಗಬೇಕೆಂದಿದ್ದರೆ ಐಫ್ರೇಮ್ ಕೋಡನ್ನು ‘ಕಸ್ಟಮ್ ಎಚ್‌ಟಿಎಂಎಲ್’ ಬ್ಲಾಕಿಗೆ ಹಾಕಿ. ಇಲ್ಲಿ ಒಂದು ತೊಡಕು ಇದೆ. ವರ್ಡ್‌ಪ್ರೆಸ್ಸಿನಲ್ಲಿ ‘ಆಥರ್’ ಮಟ್ಟದ ಖಾತೆಯಿಂದ ಐಫ್ರೇಮ್ ಹಾಕಿದರೆ ಸೇವ್ ಮಾಡುವಾಗ ಅದು ಸದ್ದಿಲ್ಲದೆ ಅಳಿಯುತ್ತದೆ. ಎಡಿಟರ್ ಅಥವಾ ಅಡ್ಮಿನ್ ಖಾತೆಯಿಂದ ಹಾಕಿದರೆ ನಿಲ್ಲುತ್ತದೆ. ಸಂಘದ ವೆಬ್‌ಸೈಟನ್ನು ನಾಲ್ಕು ಜನ ನೋಡಿಕೊಳ್ಳುವಲ್ಲಿ ಒಬ್ಬರಿಗೆ ಆಗುತ್ತದೆ, ಇನ್ನೊಬ್ಬರಿಗೆ ಆಗುವುದಿಲ್ಲ ಎಂಬ ಗೊಂದಲ ಬರುವುದು ಇದರಿಂದಲೇ. ಬ್ಲಾಗರಿನಲ್ಲಿ ಬರೆಯುವವರು ಪೆನ್ಸಿಲ್ ಗುರುತಿನಿಂದ ‘ಎಚ್‌ಟಿಎಂಎಲ್ ವ್ಯೂ’ಗೆ ಬದಲಾಯಿಸಿ ಅಂಟಿಸಬೇಕು.

ಎಂಬೆಡ್ ಕೋಡಿನಲ್ಲಿ ‘ಟಿ=’ ಕೆಲಸ ಮಾಡುವುದಿಲ್ಲ. ಅಲ್ಲಿ ‘ಸ್ಟಾರ್ಟ್=’ ಎಂದೇ ಇರಬೇಕು, ಅದಕ್ಕೆ ಸೆಕೆಂಡಿನ ಲೆಕ್ಕ ಮಾತ್ರ ಗೊತ್ತು. ಮೇಲಿನ ಉದಾಹರಣೆಗೆ ‘?ಸ್ಟಾರ್ಟ್=13335’. ಪದ ಮುಗಿದಲ್ಲಿಗೆ ನಿಲ್ಲಬೇಕಾದರೆ ‘&ಎಂಡ್=’ ಹಾಕಿ ಮುಗಿಯುವ ಸೆಕೆಂಡು ಬರೆಯಿರಿ. ಆ ಸೆಕೆಂಡನ್ನು ಎಣಿಸುವುದು ವಿಡಿಯೊದ ಆರಂಭದಿಂದ, ಸ್ಟಾರ್ಟಿನಿಂದ ಅಲ್ಲ. ಏಳು ನಿಮಿಷದ ಪದ ತೋರಿಸಲು ‘ಎಂಡ್=420’ ಎಂದು ಬರೆದರೆ, ಮುಗಿಯುವ ಜಾಗ ಶುರುವಿನ ಜಾಗಕ್ಕಿಂತ ಹಿಂದೆ ಬಿದ್ದಂತಾಗುತ್ತದೆ. 13335ಕ್ಕೆ 420 ಕೂಡಿಸಿ 13755 ಎಂದು ಬರೆಯಬೇಕು.

ಇನ್ನು ಕೆಲವನ್ನು ಬೇಗ ಹೇಳುತ್ತೇನೆ. ‘ಆಟೊಪ್ಲೇ=1’ ಹಾಕಿದರೂ ವಿಡಿಯೊ ತಾನಾಗಿ ಶುರುವಾಗದಿದ್ದರೆ ಅದು ಬ್ರೌಸರಿನ ತಡೆ. ‘ಮ್ಯೂಟ್=1’ ಕೂಡ ಸೇರಿಸಿದರೆ ಶಬ್ದವಿಲ್ಲದೆ ಶುರುವಾಗುತ್ತದೆ. ಶಬ್ದವಿಲ್ಲದ ಯಕ್ಷಗಾನ ಯಾರಿಗೂ ಬೇಡ, ಆಟೊಪ್ಲೇ ಬಿಟ್ಟೇಬಿಡಿ. ಒಂದೇ ವಿಡಿಯೊ ಮತ್ತೆ ಮತ್ತೆ ಓಡಬೇಕಾದರೆ ‘ಲೂಪ್=1’ ಒಂದೇ ಸಾಲದು, ಜೊತೆಗೆ ‘ಪ್ಲೇಲಿಸ್ಟ್=’ ಎಂದು ಅದೇ 11 ಅಕ್ಷರ ಕೊಡಬೇಕು. ‘ರೆಲ್=0’ ಹಾಕಿದರೆ ಕೊನೆಯಲ್ಲಿ ಬೇರೆ ವಿಡಿಯೊಗಳ ಸಾಲು ಬರುವುದಿಲ್ಲ ಎಂಬ ನಂಬಿಕೆ ಹಳೆಯದು. 2018ರ ಸೆಪ್ಟೆಂಬರಿನಿಂದ ಅದು ಅದೇ ಚಾನೆಲಿನ ವಿಡಿಯೊಗಳನ್ನು ತೋರಿಸುತ್ತದೆ, ಅಷ್ಟೇ. ದೇವಸ್ಥಾನದ ಪುಟದಲ್ಲಿ ಸಂಬಂಧವಿಲ್ಲದ ಸಿನಿಮಾ ಟ್ರೈಲರ್ ಬಾರದಂತೆ ತಡೆಯಲು ಅಷ್ಟಾದರೂ ಉಪಯೋಗ.

ಅಳತೆಯ ವಿಷಯ. ಯೂಟ್ಯೂಬ್ ಕೊಡುವ ಕೋಡಿನಲ್ಲಿ 560 ಅಗಲ, 315 ಎತ್ತರ ಎಂದು ಇರುತ್ತದೆ. ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡರೂ ಮೊಬೈಲಿನಲ್ಲಿ ಬಲಗಡೆಯ ಭಾಗ ಪರದೆಯಿಂದ ಹೊರಗೆ ಹೋಗುತ್ತದೆ. ಒಡ್ಡೋಲಗದಲ್ಲಿ ರಂಗಸ್ಥಳದ ಆ ತುದಿಗೆ ನಿಂತ ವೇಷ ಕಾಣುವುದೇ ಇಲ್ಲ. ಸ್ಟೈಲಿನಲ್ಲಿ ಅಗಲ 100 ಪ್ರತಿಶತ, ‘ಆಸ್ಪೆಕ್ಟ್ ರೇಶಿಯೊ’ 16/9 ಎಂದು ಕೊಟ್ಟು ಎತ್ತರವನ್ನು ‘ಆಟೊ’ ಮಾಡಿದರೆ ಯಾವ ಪರದೆಗೂ ಹೊಂದುತ್ತದೆ. ಒಂದೇ ಪುಟದಲ್ಲಿ ಇಡೀ ತಿರುಗಾಟದ ಇಪ್ಪತ್ತು ವಿಡಿಯೊ ಹಾಕಬೇಡಿ. ಪ್ರತಿ ಕಿಟಕಿಯೂ ತನ್ನದೇ ಪ್ಲೇಯರನ್ನು ಇಳಿಸಿಕೊಳ್ಳುತ್ತದೆ, ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ಏಳುವುದೇ ಇಲ್ಲ. ಹಾಕಲೇಬೇಕೆಂದರೆ ‘ಲೋಡಿಂಗ್’ ಎಂಬುದಕ್ಕೆ ‘ಲೇಜಿ’ ಎಂದು ಕೊಡಿ, ಓದುಗರು ಅಲ್ಲಿಗೆ ಬಂದಾಗ ಮಾತ್ರ ಆ ವಿಡಿಯೊ ಇಳಿಯುತ್ತದೆ. ಅದಕ್ಕಿಂತ, ಚಾನೆಲಿನಲ್ಲಿ ಪ್ಲೇಲಿಸ್ಟ್ ಮಾಡಿ ಅದೊಂದನ್ನೇ ಎಂಬೆಡ್ ಮಾಡುವುದು ಲೇಸು. ಪಟ್ಟಿಗೆ ಹೊಸ ಆಟ ಸೇರಿಸಿದರೆ ವೆಬ್‌ಸೈಟ್ ಮುಟ್ಟದೆಯೇ ಅಲ್ಲಿ ಬರುತ್ತದೆ.

ಕಪ್ಪು ಚೌಕ ಮಾತ್ರ ಕಂಡರೆ

ಎಂಬೆಡ್ ಹಾಳಾದಾಗ ಪರದೆಯಲ್ಲಿ ಬರುವ ಸಾಲನ್ನು ಓದಿ, ಕಾರಣ ಅಲ್ಲೇ ಇರುತ್ತದೆ.

‘ರಿಫ್ಯೂಸ್ಡ್ ಟು ಕನೆಕ್ಟ್’ ಎಂದು ಬಂದರೆ ಐಫ್ರೇಮಿನ ಒಳಗೆ ಮಾಮೂಲಿ ‘ವಾಚ್’ ಲಿಂಕ್ ಹಾಕಿದ್ದೀರಿ. ತನ್ನ ಇಡೀ ಪುಟವನ್ನು ಬೇರೆ ವೆಬ್‌ಸೈಟಿನ ಒಳಗೆ ತೆರೆಯಲು ಯೂಟ್ಯೂಬ್ ಬಿಡುವುದಿಲ್ಲ. ‘ವಾಚ್?ವಿ=’ ಎಂಬುದರ ಬದಲು ‘ಎಂಬೆಡ್/’ ಹಾಕಿ 11 ಅಕ್ಷರ ಬರೆದರೆ ಸರಿ.

ಬೇರೆ ವೆಬ್‌ಸೈಟಿನಲ್ಲಿ ಆಡಿಸುವುದನ್ನು ಮಾಲೀಕರು ನಿಲ್ಲಿಸಿದ್ದಾರೆ ಎಂಬ ಸಾಲು ಬಂದರೆ ಚಾನೆಲಿನವರು ಎಂಬೆಡ್ ಅನುಮತಿ ತೆಗೆದಿದ್ದಾರೆ ಎಂದರ್ಥ. ಚಾನೆಲ್ ನಿಮ್ಮದೇ ಆದರೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಕಂಟೆಂಟ್, ಆ ವಿಡಿಯೊ, ಕೆಳಗೆ ‘ಶೋ ಮೋರ್’, ಅದರೊಳಗೆ ‘ಅಲೋ ಎಂಬೆಡಿಂಗ್’ ಚೌಕಕ್ಕೆ ಟಿಕ್ ಹಾಕಿ. ಬೇರೆಯವರದ್ದಾದರೆ ಅದು ಅವರ ಇಷ್ಟ. ಅದನ್ನು ಇಳಿಸಿಕೊಂಡು ನಿಮ್ಮ ಚಾನೆಲಿಗೆ ಹಾಕುವುದು ಅದಕ್ಕೆ ಉತ್ತರವಲ್ಲ. ಲಿಂಕ್ ಕೊಟ್ಟು ಬಿಡಿ, ಇಲ್ಲವೇ ಫೋನ್ ಮಾಡಿ ಕೇಳಿ. ಕರಾವಳಿಯಲ್ಲಿ ಯಕ್ಷಗಾನ ಚಿತ್ರೀಕರಿಸುವವರು ಯಾರಿಗೂ ಸಿಗದವರೇನಲ್ಲ, ಮುಂದಿನ ಆಟದ ಚೌಕಿಯ ಬಳಿಯೇ ಸಿಗುತ್ತಾರೆ.

‘ಎರರ್ 153’ ಎಂಬುದು 2025ರ ಕೊನೆಯ ಹೊತ್ತಿಗೆ ಬಹಳ ಕಡೆ ಕಾಣಿಸಿಕೊಂಡಿತು. ಯಾವ ವೆಬ್‌ಸೈಟಿನಿಂದ ಕೇಳಿಕೆ ಬರುತ್ತಿದೆ ಎಂಬ ಗುರುತು ಯೂಟ್ಯೂಬಿಗೆ ತಲುಪದಿದ್ದರೆ ಇದು ಬರುತ್ತದೆ. ವೆಬ್‌ಸೈಟಿನ ಸುರಕ್ಷತೆಗೆಂದು ಹಾಕಿದ ಪ್ಲಗಿನ್, ಆ ಗುರುತನ್ನು ಎಷ್ಟು ಕಳಿಸಬೇಕೆಂದು ಹೇಳುವ ‘ರೆಫರರ್ ಪಾಲಿಸಿ’ಯನ್ನು ‘ನೋ ರೆಫರರ್’ ಎಂದು ಮಾಡಿರುತ್ತದೆ. ಈಗ ಯೂಟ್ಯೂಬ್ ಕೊಡುವ ಎಂಬೆಡ್ ಕೋಡಿನಲ್ಲಿ ‘ಸ್ಟ್ರಿಕ್ಟ್ ಒರಿಜಿನ್ ವೆನ್ ಕ್ರಾಸ್ ಒರಿಜಿನ್’ ಎಂಬ ರೆಫರರ್ ಪಾಲಿಸಿ ಸೇರಿಯೇ ಬರುತ್ತದೆ. ಹಳೆಯ ಪುಟಗಳಲ್ಲಿ ಅದು ಇರುವುದಿಲ್ಲ, ಹೊಸ ಕೋಡ್ ತಂದು ಅಂಟಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಪುಟವನ್ನು ವೆಬ್‌ಸೈಟಿಗೆ ಏರಿಸದೆ ಕಂಪ್ಯೂಟರಿನ ಫೋಲ್ಡರಿನಿಂದಲೇ ತೆರೆದು ನೋಡಿದರೂ ಇದೇ ದೋಷ ಬರುತ್ತದೆ. ಆಗ ಕೋಡಿನಲ್ಲಿ ತಪ್ಪು ಹುಡುಕಬೇಡಿ, ಏರಿಸಿ ನೋಡಿ.

ಏನೂ ಬರದೆ ಕೋಡೇ ಅಕ್ಷರವಾಗಿ ಕಂಡರೆ ಅದನ್ನು ಎಚ್‌ಟಿಎಂಎಲ್ ಜಾಗದಲ್ಲಿ ಹಾಕಿಲ್ಲ. ಎಚ್‌ಟಿಎಂಎಲ್ ಜಾಗದಲ್ಲೇ ಹಾಕಿಯೂ ಖಾಲಿ ಚೌಕ ಬಂದರೆ ಉದ್ಧರಣ ಚಿಹ್ನೆಗಳನ್ನು ನೋಡಿ. ವರ್ಡ್ ಫೈಲಿಗೆ ಅಂಟಿಸಿ ಅಲ್ಲಿಂದ ತಂದ ಕೋಡಿನಲ್ಲಿ ನೆಟ್ಟಗಿನ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿರುತ್ತವೆ. ಕಣ್ಣಿಗೆ ಎರಡೂ ಒಂದೇ, ಬ್ರೌಸರಿಗೆ ಅಲ್ಲ. ಕೋಡನ್ನು ಒಬ್ಬರಿಂದ ಒಬ್ಬರಿಗೆ ಕಳಿಸುವಾಗ ನೋಟ್‌ಪ್ಯಾಡ್ ಫೈಲಿನಲ್ಲಿ ಕಳಿಸಿ. ಪೂರ್ಣ ಪರದೆಯ ಗುಂಡಿ ಕೆಲಸ ಮಾಡದಿದ್ದರೆ ಕೋಡಿನ ಕೊನೆಯ ‘ಅಲೋ ಫುಲ್‌ಸ್ಕ್ರೀನ್’ ಎಂಬ ಪದ ಕತ್ತರಿಸಿ ಹೋಗಿರುತ್ತದೆ.

ನಿಮಗೆ ಚೆನ್ನಾಗಿ ಕಾಣುತ್ತದೆ, ಬೇರೆ ಯಾರಿಗೂ ಕಾಣುವುದಿಲ್ಲವೆಂದರೆ ವಿಡಿಯೊ ‘ಪ್ರೈವೇಟ್’ ಆಗಿದೆ. ನೀವು ಅದೇ ಖಾತೆಯಲ್ಲಿ ಲಾಗಿನ್ ಆಗಿರುವುದರಿಂದ ನಿಮಗೆ ಮಾತ್ರ ತೆರೆಯುತ್ತದೆ. ಎಲ್ಲರಿಗೂ ಹುಡುಕಿದರೆ ಸಿಗುವುದು ಬೇಡ, ಲಿಂಕ್ ಇದ್ದವರು ಮಾತ್ರ ನೋಡಲಿ ಎಂದಾದರೆ ‘ಅನ್‌ಲಿಸ್ಟೆಡ್’ ಇಡಿ, ಅದನ್ನು ಎಂಬೆಡ್ ಮಾಡಲೂ ಬರುತ್ತದೆ. ಯಾವ ಲಿಂಕನ್ನಾದರೂ ಹಂಚುವ ಮೊದಲು ಲಾಗಿನ್ ಇಲ್ಲದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಮ್ಮೆ ತೆರೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಮಕ್ಕಳ ಮೇಳದವರು ಇನ್ನೊಂದು ವಿಷಯ ಗಮನಿಸಬೇಕು. ಅಪ್‌ಲೋಡ್ ಮಾಡುವಾಗ ‘ಮೇಡ್ ಫಾರ್ ಕಿಡ್ಸ್’ ಹೌದೋ ಅಲ್ಲವೋ ಎಂದು ಕೇಳುತ್ತದೆ. ವೇಷ ಹಾಕಿದವರು ಮಕ್ಕಳು ಎಂಬ ಕಾರಣಕ್ಕೆ ಹೌದು ಎಂದರೆ ಕಾಮೆಂಟು ಮುಚ್ಚುತ್ತದೆ, ಲೈವ್ ಚಾಟ್ ಇರುವುದಿಲ್ಲ. ಆ ಪ್ರಶ್ನೆ ಇರುವುದು ನೋಡುಗರ ಬಗ್ಗೆ: ಈ ವಿಡಿಯೊ ಮುಖ್ಯವಾಗಿ ಮಕ್ಕಳಿಗಾಗಿ ಮಾಡಿದ್ದೇ? ಪೌರಾಣಿಕ ಪ್ರಸಂಗವನ್ನು ಮಕ್ಕಳು ಆಡಿದರೂ ನೋಡುವವರು ಊರಿನ ಎಲ್ಲರೂ ಆಗಿರುತ್ತಾರೆ. ಯೋಚಿಸಿ ಉತ್ತರಿಸಿ.

ಲೈವ್ ಇದ್ದಾಗ

ಹರಕೆ ಆಟದ ಲೈವ್ ಮಾಡುವ ಮನೆಯವರು ದುಬೈ, ಬಹರೈನಿನಲ್ಲಿರುವ ಸಂಬಂಧಿಕರಿಗೆ ಲಿಂಕ್ ಮೊದಲೇ ಕಳಿಸಬೇಕೆನ್ನುತ್ತಾರೆ. ಲೈವನ್ನು ಮುಂಚಿತವಾಗಿ ಶೆಡ್ಯೂಲ್ ಮಾಡಿದರೆ ಲಿಂಕ್ ಆಗಲೇ ಸಿಗುತ್ತದೆ, ಆಟ ನಡೆಯುವಾಗಲೂ ಮುಗಿದ ಮೇಲೂ ಅದೇ ಲಿಂಕ್. ಹೊಸ ಚಾನೆಲಿಗೆ ಲೈವ್ ಸೌಲಭ್ಯ ತೆರೆಯಲು 24 ಗಂಟೆ ಹಿಡಿಯಬಹುದು, ಬರೀ ಮೊಬೈಲಿನಿಂದ ಲೈವ್ ಮಾಡಲು 50 ಚಂದಾದಾರರು ಬೇಕು. ಆಟದ ದಿನ ಸಂಜೆ ಚಾನೆಲ್ ತೆರೆಯ ಹೊರಟರೆ ಆಗದು.

ಪತ್ರಿಕೆಗೆ ಹಾಕುವ ಕ್ಯೂಆರ್ ಕೋಡನ್ನು ಒಂದು ವಿಡಿಯೊದ ಲಿಂಕಿನಿಂದ ಮಾಡಿಸಬೇಡಿ. ಚಾನೆಲಿನ ಹ್ಯಾಂಡಲ್ (‘@’ನಿಂದ ಶುರುವಾಗುವ ಹೆಸರು), ಅದರ ಮುಂದೆ ಓರೆಗೆರೆ, ‘ಲೈವ್’ ಎಂದು ಹಾಕಿದ ವಿಳಾಸದಿಂದ ಮಾಡಿಸಿ. ಆ ವಿಳಾಸ ಆ ಹೊತ್ತಿಗೆ ಚಾನೆಲಿನಲ್ಲಿ ನಡೆಯುತ್ತಿರುವ ಲೈವಿಗೆ ಕರೆದೊಯ್ಯುತ್ತದೆ. ಕಾರಣ ಕರೆಂಟು. ಕರೆಂಟು ಹೋಗಿ ರೂಟರ್ ನಿಂತರೆ, ಲೈವಿನ ಸೆಟ್ಟಿಂಗಿನಲ್ಲಿ ‘ಆಟೊ ಸ್ಟಾಪ್’ ಚಾಲೂ ಇದ್ದಲ್ಲಿ ಯೂಟ್ಯೂಬ್ ಆಟ ಮುಗಿಯಿತೆಂದು ತಿಳಿದು ಲೈವನ್ನು ಮುಚ್ಚುತ್ತದೆ. ಮತ್ತೆ ಶುರು ಮಾಡಿದರೆ ಅದು ಹೊಸ ವಿಡಿಯೊ, ಹೊಸ ಲಿಂಕ್. ಹಳೆಯ ಲಿಂಕ್ ಹಿಡಿದವರು ಅರ್ಧ ಆಟದಲ್ಲೇ ಉಳಿಯುತ್ತಾರೆ. ಆಟೊ ಸ್ಟಾಪ್ ತೆಗೆದಿಡಿ, ಮಂಗಳದ ಪದ ಮುಗಿದ ಮೇಲೆ ಕೈಯಾರೆ ‘ಎಂಡ್ ಸ್ಟ್ರೀಮ್’ ಒತ್ತಿ.

ಡೇಟಾದ ಲೆಕ್ಕ ಹೀಗೆ. 720ಪಿ ಗುಣಮಟ್ಟಕ್ಕೆ ಸೆಕೆಂಡಿಗೆ 4 ಮೆಗಾಬಿಟ್ ಇಟ್ಟುಕೊಂಡರೆ ಗಂಟೆಗೆ 1.8 ಜಿಬಿ, ಒಂಬತ್ತು ಗಂಟೆಗೆ 16.2 ಜಿಬಿ ಹೋಗುತ್ತದೆ. ದಿನಕ್ಕೆ 2 ಜಿಬಿಯ ಪ್ಯಾಕ್ ಪೂರ್ವರಂಗ ಮುಗಿಯುವಷ್ಟರಲ್ಲಿ ತೀರುತ್ತದೆ. ಬಯಲಾಟಕ್ಕೆ ಹತ್ತಿರದ ಮನೆಯ ಫೈಬರ್ ಸಂಪರ್ಕದಿಂದ ವಯರ್ ಎಳೆಯುವುದು ಸಿಮ್ಮಿಗಿಂತ ನಂಬಿಕೆಯದ್ದು. ಜನ ಸೇರಿದಂತೆ ಮೊಬೈಲ್ ಟವರಿನ ವೇಗ ಇಳಿಯುತ್ತದೆ.

12 ಗಂಟೆಗಿಂತ ಕಡಿಮೆ ಇರುವ ಲೈವನ್ನು ಯೂಟ್ಯೂಬ್ ತಾನಾಗಿ ಉಳಿಸಿಕೊಳ್ಳುತ್ತದೆ, ಹಾಗಾಗಿ ಇಡೀ ರಾತ್ರಿಯ ಆಟಕ್ಕೆ ತೊಂದರೆಯಿಲ್ಲ. ಆದರೆ 6 ಗಂಟೆಗಿಂತ ಉದ್ದದ ವಿಡಿಯೊವನ್ನು ಯೂಟ್ಯೂಬಿನ ಎಡಿಟರಿನಲ್ಲಿ ಕತ್ತರಿಸಿ ಸೇವ್ ಮಾಡಲು ಆಗುವುದಿಲ್ಲ. ಮುಂಚೆ ಒಂದು ಗಂಟೆ ಖಾಲಿ ರಂಗಸ್ಥಳ ತೋರಿಸಿದರೆ ಅದು ಹಾಗೇ ಉಳಿಯುತ್ತದೆ. ಆರು ಗಂಟೆಯೊಳಗೆ ಮುಗಿಯುವ ಕಾಲಮಿತಿಯ ಆಟವನ್ನು ಕತ್ತರಿಸಬಹುದು, ಲಿಂಕ್ ಬದಲಾಗುವುದಿಲ್ಲ, ಆದರೆ ಮುಂಭಾಗದಿಂದ 20 ನಿಮಿಷ ತೆಗೆದರೆ ಮೊದಲೇ ಹಂಚಿದ ಎಲ್ಲ ಸಮಯದ ಲಿಂಕುಗಳೂ 20 ನಿಮಿಷ ತಪ್ಪುತ್ತವೆ. ಲೈವ್ ಮುಗಿಯಲಿ, ಕತ್ತರಿಸುವುದಿದ್ದರೆ ಕತ್ತರಿಸಿ, ಆಮೇಲೆ ಸಮಯದ ಪಟ್ಟಿ ಬರೆಯಿರಿ. ಈ ಕ್ರಮ ಹಿಂದುಮುಂದಾದರೆ ಎರಡು ಸಲ ಕೆಲಸ.

ಆಟ ಶುರುವಾಗುವ ಮೊದಲು ಮೈಕಿನಲ್ಲಿ ಸಿನಿಮಾ ಹಾಡು ಹಾಕುವ ರೂಢಿ ಇದ್ದಲ್ಲಿ ಲೈವ್ ಶುರು ಮಾಡಬೇಡಿ. ಯೂಟ್ಯೂಬ್ ಹಾಡನ್ನು ಗುರುತಿಸಿದರೆ ಲೈವನ್ನು ತಡೆದು ನಿಂತ ಚಿತ್ರ ತೋರಿಸಬಹುದು, ಆಮೇಲೆ ಉಳಿಯುವ ವಿಡಿಯೊ ಕೆಲವು ದೇಶಗಳಲ್ಲಿ ತೆರೆಯದೇ ಹೋಗಬಹುದು. ಇಲ್ಲಿ ಎಲ್ಲರಿಗೂ ಕಾಣುತ್ತಿದ್ದು ಹೊರದೇಶದ ಮನೆಯವರಿಗೆ ಮಾತ್ರ ಕಾಣದಿದ್ದರೆ ಮೊದಲು ಹಾಡಿನ ಮೇಲೆ ಅನುಮಾನ ಪಡಿ. ಮದುವೆಯ ಲೈವಿಗೂ ಇದೇ ಮಾತು.

ಫೇಸ್‌ಬುಕ್, ಇನ್‌ಸ್ಟಾಗ್ರಾಂ

ಇವುಗಳ ವಿಡಿಯೊ ಎಂಬೆಡ್ ಆಗಬೇಕಾದರೆ ಪೋಸ್ಟ್ ಸಾರ್ವಜನಿಕವಾಗಿರಬೇಕು, ಪ್ರೈವೇಟ್ ಗುಂಪಿನಲ್ಲಿ ಹಾಕಿದ್ದು ಹೊರಗೆ ಕಾಣುವುದಿಲ್ಲ. ವರ್ಡ್‌ಪ್ರೆಸ್ಸಿನಲ್ಲಿ ಬರೀ ಲಿಂಕ್ ಅಂಟಿಸಿದರೆ ಮೂಡುವ ಸೌಕರ್ಯ ಈ ಎರಡಕ್ಕೂ 2020ರ ಅಕ್ಟೋಬರಿನಲ್ಲಿ ನಿಂತಿತು. ಕಂಪ್ಯೂಟರಿನಲ್ಲಿ ಪೋಸ್ಟಿನ ಮೂರು ಚುಕ್ಕೆ ಒತ್ತಿ ಎಂಬೆಡ್ ಕೋಡ್ ತಂದು ಹಾಕಬೇಕು.

ಯಕ್ಷಗಾನದವರು ಗಂಭೀರವಾಗಿ ನೋಡಬೇಕಾದದ್ದು ಫೇಸ್‌ಬುಕ್ ಲೈವ್. 2025ರ ಫೆಬ್ರವರಿ 19ರಿಂದ ಅಲ್ಲಿನ ಹೊಸ ಲೈವ್ ವಿಡಿಯೊಗಳು ಉಳಿಯುವುದು 30 ದಿನ ಮಾತ್ರ, ಆಮೇಲೆ ತಾನಾಗಿ ಅಳಿಯುತ್ತವೆ. ದೇವಸ್ಥಾನದ ಪುಟದಲ್ಲಿ ಎಂಬೆಡ್ ಮಾಡಿದ್ದ ಜಾತ್ರೆಯ ಆಟದ ಜಾಗದಲ್ಲಿ ತಿಂಗಳ ನಂತರ ಖಾಲಿ ಚೌಕ ಉಳಿಯುವುದು ಇದರಿಂದ. ಫೇಸ್‌ಬುಕ್ಕಿನಲ್ಲೇ ಲೈವ್ ಮಾಡುವವರು ಆಟ ಮುಗಿದ ವಾರದೊಳಗೆ ಆ ವಿಡಿಯೊವನ್ನು ಇಳಿಸಿ ಹಾರ್ಡ್‌ಡಿಸ್ಕಿಗೆ ಹಾಕಬೇಕು, ಅಲ್ಲಿಂದ ಯೂಟ್ಯೂಬಿಗೆ ಏರಿಸಬೇಕು. 15 ನಿಮಿಷ ಮೀರಿದ ವಿಡಿಯೊ ಏರಿಸಲು ಯೂಟ್ಯೂಬ್ ಖಾತೆಯನ್ನು ಫೋನ್ ನಂಬರಿನಿಂದ ದೃಢಪಡಿಸಿರಬೇಕು; ಹಾಗೆ ಮಾಡಿದ ಮೇಲೆ 12 ಗಂಟೆ ಅಥವಾ 256 ಜಿಬಿ, ಯಾವುದು ಕಡಿಮೆಯೋ ಅಲ್ಲಿಯ ತನಕ ಏರಿಸಬಹುದು. ಏರಿಸಿದ ದಿನವೇ ವಿವರಣೆಯಲ್ಲಿ ಆಟದ ದಿನಾಂಕ, ಊರು, ಹಿಮ್ಮೇಳ, ಮುಮ್ಮೇಳದವರ ಹೆಸರು ಬರೆದು, ವೆಬ್‌ಸೈಟಿನಲ್ಲಿದ್ದ ಹಳೆಯ ಫೇಸ್‌ಬುಕ್ ಕೋಡ್ ತೆಗೆದು ಹೊಸದನ್ನು ಹಾಕಿ.